ಮೂಲಕರ್ತೃ, ಮಾರ್ಪಾಡುಗಾರ ಮತ್ತು ಪಠ್ಯದ ಒಡೆತನ: ವಿಡಿಯೋ ಗೇಮುಗಳನ್ನು ಮುಂದಿಟ್ಟುಕೊಂಡು ಕೆಲವು ಟಿಪ್ಪಣಿಗಳು

1

ಪಠ್ಯವೊಂದನ್ನು ಮೊದಲು ಕಟ್ಟಿದವನಿಗೂ ಅನಂತರ ಅದಕ್ಕೆ ಕೈಹಾಕಿ ಬದಲಿಸಿದವನಿಗೂ ಇರುವ ಸಂಬಂಧವೇನು ಎಂಬ ಪ್ರಶ್ನೆ ಕನ್ನಡ ವಿದ್ವತ್ತಿಗೆ ಹೊಸದಲ್ಲ. ನಮ್ಮಲ್ಲಿ ಗ್ರಂಥಸಂಪಾದನಾ ಶಾಸ್ತ್ರ ಬೆಳೆದದ್ದೇ ಈ ಪ್ರಶ್ನೆಯ ಸುತ್ತ. ಪಾಠಾಂತರ, ಪ್ರಕ್ಷೇಪ, ಸ್ಖಾಲಿತ್ಯ ಮೊದಲಾದ ಪರಿಭಾಷೆಗಳು 'ಮೂಲ'ವೊಂದಿದೆ, ಅದು ಒಬ್ಬನದು, ಉಳಿದವರು ಅದನ್ನು ಕೆಡಿಸಿದವರು ಎಂಬ ಗ್ರಹಿಕೆಯಿಂದ ಹುಟ್ಟಿದವು. ಜಾನಪದ ಅಧ್ಯಯನ ಬಂದ ಮೇಲೆ ಈ ಗ್ರಹಿಕೆ ಸಡಿಲಗೊಂಡಿತು. ಪ್ರತಿಯೊಂದು ಹಾಡಿಕೆಯೂ ಸ್ವತಂತ್ರ ಪಠ್ಯವೇ ಎಂಬ ಮಾತನ್ನು ಈಗ ನಾವು ತರಗತಿಗಳಲ್ಲಿ ನಿರಾಯಾಸವಾಗಿ ಹೇಳುತ್ತೇವೆ. ಆದರೆ ಈ ಎರಡೂ ವಿಧಾನಗಳಿಗೆ ಪೂರ್ತಿಯಾಗಿ ಒಗ್ಗದ ಒಂದು ಬಗೆಯ ಪಠ್ಯ ಕಳೆದ ಮೂರು ದಶಕಗಳಲ್ಲಿ ನಮ್ಮ ವಿದ್ಯಾರ್ಥಿಗಳ ಬದುಕಿನೊಳಗೆ ನೆಲೆಯೂರಿದೆ. ಅದು ವಿಡಿಯೋ ಗೇಮ್.

ಗೇಮನ್ನು ಪಠ್ಯವೆಂದು ಕರೆಯುವುದು ಕೆಲವರಿಗೆ ಅತಿರೇಕವೆನಿಸಬಹುದು. ಭಾರತದ ಕಾನೂನಿಗಂತೂ ಈ ಸಂಕೋಚವಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆ ತನ್ನ 2ನೆಯ ಕಲಮಿನಲ್ಲಿ 'ಸಾಹಿತ್ಯ ಕೃತಿ'ಯ ಅರ್ಥವನ್ನು ವಿವರಿಸುವಾಗ ಕಂಪ್ಯೂಟರ್ ಪ್ರೋಗ್ರಾಮುಗಳನ್ನೂ ಅದರೊಳಗೆ ಸೇರಿಸಿಕೊಳ್ಳುತ್ತದೆ. ಕಾಯಿದೆಯ ಕಣ್ಣಿಗೆ ಕಾವ್ಯವೂ ಗೇಮಿನ ಹಿಂದಿರುವ ಪ್ರೋಗ್ರಾಮೂ ಒಂದೇ ಪಂಕ್ತಿಯಲ್ಲಿ ಕುಳಿತಾಗಿದೆ. ಎಲೆ ಹಾಕಬೇಕೋ ಬೇಡವೋ ಎಂದು ನಾವಿನ್ನೂ ಯೋಚಿಸುತ್ತಿದ್ದೇವೆ, ಅಷ್ಟೆ.

ಗೇಮನ್ನು ತಯಾರಿಸಿದವರು ಮತ್ತು ಅದನ್ನು ಮಾರ್ಪಡಿಸುವವರು, ಇವರಿಬ್ಬರ ಸಂಬಂಧವನ್ನು ನಂಜನಗೂಡು ಹಾಗೂ ತಿರುಮಕೂಡಲು ನರಸೀಪುರ ತಾಲ್ಲೂಕುಗಳ ನೆಲದ ಮೇಲೆ ನಿಂತು ನೋಡುವ ಪ್ರಯತ್ನ ಪ್ರಸ್ತುತ ಲೇಖನದ್ದು. ಈ ನೆಲವನ್ನು ಆರಿಸಿಕೊಂಡದ್ದಕ್ಕೆ ಎರಡು ಕಾರಣಗಳಿವೆ. ಇಲ್ಲಿನ ಹುಡುಗರು ಮೊಬೈಲ್ ಗೇಮುಗಳನ್ನು ಮಾರ್ಪಡಿಸುವ ಕೆಲಸದಲ್ಲಿ ತೊಡಗಿರುವುದು ಒಂದು. ಸಿದ್ಧಗೊಂಡ ಕಥಾಲೋಕವೊಂದರೊಳಗೆ ಹೊಸಬನನ್ನು ತಂದು ನಿಲ್ಲಿಸಿ ಆ ಲೋಕವನ್ನೇ ಅಲುಗಾಡಿಸಿದ ನೀಲಗಾರರ ಹಾಡಿಕೆಗೆ ಇದೇ ನೆಲ ನೆಲೆಯಾಗಿರುವುದು ಇನ್ನೊಂದು.

2

ಗೇಮನ್ನು ಸಿದ್ಧಪಡಿಸಿ ಜನರಿಗೆ ಕೊಡುವವರನ್ನು ಡೆವಲಪರ್ ಎಂದೂ, ಹಾಗೆ ಕೊಟ್ಟ ಗೇಮಿಗೆ ಹೊಸ ವೇಷ, ಹೊಸ ಪಾತ್ರ, ಹೊಸ ನಕ್ಷೆ, ಹೊಸ ನಿಯಮಗಳನ್ನು ಸೇರಿಸುವ ಆಟಗಾರರನ್ನು ಮಾಡರ್ ಎಂದೂ ಕರೆಯುವುದು ರೂಢಿ. ಅವರು ಸೇರಿಸಿದ ಭಾಗವೇ 'ಮಾಡ್'. ಇದು ಮಾಡಿಫಿಕೇಶನ್ ಎಂಬ ಇಂಗ್ಲಿಷ್ ಪದದ ತುಂಡು. ಕನ್ನಡದ ಕಿವಿಗೆ ಮಾತ್ರ ಇದು 'ಮಾಡು' ಧಾತುವಾಗಿಯೇ ಕೇಳಿಸುತ್ತದೆ. ವ್ಯುತ್ಪತ್ತಿಯ ದೃಷ್ಟಿಯಿಂದ ಇದೊಂದು ಆಕಸ್ಮಿಕ. ಆದರೂ 'ಮಾಡ್ ಮಾಡಿದ್ದೀನಿ ಸಾರ್' ಎಂದು ವಿದ್ಯಾರ್ಥಿಯೊಬ್ಬ ಹೇಳುವಾಗ ಆ ಮಾತಿನಲ್ಲಿ ಮಾರ್ಪಾಡಿಗಿಂತ ಮಾಡಿಕೆಯೇ ಮೇಲಾಗಿ ಕೇಳುತ್ತದೆ. ಕಾನೂನು ಅವನನ್ನು ಮಾರ್ಪಾಡುಗಾರನೆನ್ನುತ್ತದೆ; ಅವನು ತನ್ನನ್ನು ಮಾಡಿದವನೆಂದುಕೊಳ್ಳುತ್ತಾನೆ. ಜಗಳವೆಲ್ಲ ಇರುವುದು ಈ ಎರಡರ ನಡುವೆ.

ಈ ಸಂಬಂಧದ ಚರಿತ್ರೆಯಲ್ಲಿ ಎಲ್ಲರೂ ಉಲ್ಲೇಖಿಸುವ ಕಾಲಘಟ್ಟ 1993ರ ಡಿಸೆಂಬರ್. ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆ ಆಗ 'ಡೂಮ್' ಎಂಬ ಗೇಮನ್ನು ಹೊರತಂದಿತು. ಅದಕ್ಕೂ ಹಿಂದೆ ಆಟಗಾರರು ಗೇಮುಗಳ ಒಳಹೊಕ್ಕು ಬದಲಾಯಿಸುತ್ತಿದ್ದರಾದರೂ ಅದು ಗೋಡೆ ಒಡೆದು ಒಳನುಗ್ಗಿದಂತಹ ಕೆಲಸವಾಗಿತ್ತು. ಡೂಮಿನ ಮುಖ್ಯ ಪ್ರೋಗ್ರಾಮರ್ ಜಾನ್ ಕಾರ್ಮಾಕ್ ಗೇಮನ್ನು ನಡೆಸುವ ಯಂತ್ರಭಾಗವನ್ನೂ ಅದರ ನಕ್ಷೆ, ಚಿತ್ರ, ಧ್ವನಿಗಳ ಕಡತವನ್ನೂ ಬೇರೆಬೇರೆಯಾಗಿ ಇರಿಸಿದ. 'ವಾಡ್' ಎಂಬ ಆ ಕಡತದ ಜಾಗದಲ್ಲಿ ತನ್ನದೊಂದನ್ನು ಇಟ್ಟು ಯಾರಾದರೂ ಹೊಸ ಆಟ ಕಟ್ಟಬಹುದಾಗಿತ್ತು. ನಮ್ಮ ಪರಂಪರೆಯ ಮಾತಿನಲ್ಲಿ ಹೇಳುವುದಾದರೆ ಡೆವಲಪರನು ಮಟ್ಟನ್ನು ಕೊಟ್ಟು ಮಾತನ್ನು ಬಿಟ್ಟುಕೊಟ್ಟ. ಗೊತ್ತಿರುವ ಮಟ್ಟಿಗೆ ಹೊಸ ಮಾತು ಕಟ್ಟಿ ಹಾಡುವುದು ನಮ್ಮ ಹೆಣ್ಣುಮಕ್ಕಳಿಗೆ, ಭಜನೆಯ ಮೇಳಗಳಿಗೆ ಹೇಳಿಕೊಡಬೇಕಾದ ವಿದ್ಯೆಯೇನಲ್ಲ. 1997ರಲ್ಲಿ ಇದೇ ಸಂಸ್ಥೆ ಡೂಮಿನ ಮೂಲ ಸಂಕೇತವನ್ನೂ ಬಹಿರಂಗಪಡಿಸಿತು. ಅಂದರೆ ಮಟ್ಟನ್ನೂ ಬಿಟ್ಟುಕೊಟ್ಟಿತು. ಮೂವತ್ತು ವರ್ಷ ಕಳೆದರೂ ಡೂಮಿಗೆ ಹೊಸ ನಕ್ಷೆಗಳು ಹುಟ್ಟುತ್ತಲೇ ಇವೆ.

ಮುಂದಿನ ಬೆಳವಣಿಗೆ ಇಷ್ಟು ಸರಳವಾಗಿರಲಿಲ್ಲ. 1998ರಲ್ಲಿ ವಾಲ್ವ್ ಸಂಸ್ಥೆ ಹೊರತಂದ 'ಹಾಫ್-ಲೈಫ್' ಗೇಮನ್ನು ಆಧರಿಸಿ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು 1999ರಲ್ಲಿ 'ಕೌಂಟರ್-ಸ್ಟ್ರೈಕ್' ಎಂಬ ಮಾಡನ್ನು ರೂಪಿಸಿದರು. ವಾಲ್ವ್ ಅದರ ಹಕ್ಕನ್ನು ಕೊಂಡು, ಅವರಿಬ್ಬರಿಗೂ ಕೆಲಸ ಕೊಟ್ಟು, 2000ದಲ್ಲಿ ಅದನ್ನು ತನ್ನದೇ ಗೇಮಾಗಿ ಮಾರಿತು. ನಮ್ಮ ಪಟ್ಟಣಗಳ ಸೈಬರ್ ಕೆಫೆಗಳಲ್ಲಿ ಹುಡುಗರು ಸಾಲಾಗಿ ಕುಳಿತು ಆಡುತ್ತಿದ್ದುದು ಇದನ್ನೇ. ಅದು ಇನ್ನೊಂದು ಗೇಮಿನ ಮಾರ್ಪಾಡೆಂಬುದು ಆಡುತ್ತಿದ್ದವರಲ್ಲಿ ಎಷ್ಟು ಜನಕ್ಕೆ ತಿಳಿದಿತ್ತೋ ಸಂಶಯ. ಪಾಠಾಂತರವೇ ಮೂಲದ ಸ್ಥಾನದಲ್ಲಿ ಕುಳಿತ ಪ್ರಸಂಗವಿದು.

3

ದೂರದ ಈ ಸಂಗತಿಗಳು ಕಪಿಲಾ ತೀರಕ್ಕೆ ಬಂದದ್ದಕ್ಕೆ ಒಂದು ಬಸ್ಸೇ ಸಾಕ್ಷಿ. ಇಂಡೋನೇಷ್ಯಾದ ಮಾಲಿಯೋ ಸಂಸ್ಥೆ 2017ರಲ್ಲಿ 'ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ' ಎಂಬ ಮೊಬೈಲ್ ಗೇಮನ್ನು ಬಿಡುಗಡೆ ಮಾಡಿತು. ಬಸ್ಸನ್ನು ನಿಲ್ದಾಣದಿಂದ ಹೊರಡಿಸಿ, ಪ್ರಯಾಣಿಕರನ್ನು ಹತ್ತಿಸಿಕೊಂಡು, ಊರಿಂದೂರಿಗೆ ಓಡಿಸುವುದಷ್ಟೇ ಈ ಆಟ. ಇಂಡೋನೇಷ್ಯಾದಲ್ಲಿಯೂ ವಾಹನಗಳು ರಸ್ತೆಯ ಎಡಗಡೆಗೇ ಚಲಿಸುತ್ತವೆ, ಚಾಲಕನ ಆಸನ ಬಲಕ್ಕಿರುತ್ತದೆ. ಭಾರತದ ಹುಡುಗರು ಈ ಗೇಮನ್ನು ಬಹುಬೇಗ ತಮ್ಮದಾಗಿಸಿಕೊಳ್ಳಲು ಇದೂ ಒಂದು ಕಾರಣವಿರಬೇಕು. ಇದಕ್ಕಿಂತ ದೊಡ್ಡ ಕಾರಣವೆಂದರೆ ಬಸ್ಸಿನ ಹೊರಮೈಯನ್ನು ಆಟಗಾರನೇ ಬರೆದುಕೊಳ್ಳಲು ತಯಾರಕರು ಮೊದಲಿನಿಂದಲೇ ಅವಕಾಶವಿಟ್ಟದ್ದು. ಬಸ್ಸಿನ ಮೈಯನ್ನು ಬಿಡಿಸಿ ಹಾಸಿದಂತಿರುವ ಒಂದು ಚೌಕ ಚಿತ್ರ ಸಿಗುತ್ತದೆ. ಅದರ ಮೇಲೆ ಮೊಬೈಲಿನಲ್ಲೇ ಬಣ್ಣ ತುಂಬಿ ಗೇಮಿಗೆ ಸೇರಿಸಿದರೆ ಆ ಬಣ್ಣ ಬಸ್ಸಿಗೆ ಮೆತ್ತಿಕೊಳ್ಳುತ್ತದೆ. ಇದನ್ನು 'ಲಿವರಿ' ಎನ್ನುತ್ತಾರೆ. ಮುಂದೆ ಹೊಸ ವಾಹನವನ್ನೇ ಮೂರು ಆಯಾಮದಲ್ಲಿ ಕಡೆದು ಸೇರಿಸುವ ವ್ಯವಸ್ಥೆಯನ್ನೂ ಸಂಸ್ಥೆ ಕಲ್ಪಿಸಿತು. ಪರಿಣಾಮವಾಗಿ ಕೇರಳದ ಖಾಸಗಿ ಬಸ್ಸುಗಳು, ತಮಿಳುನಾಡಿನ ಬಸ್ಸುಗಳು, ನಮ್ಮ ಸಾರಿಗೆ ನಿಗಮದ ಕೆಂಪು ಬಸ್ಸುಗಳು, ಐರಾವತ, ರಾಜಹಂಸಗಳೆಲ್ಲವೂ ಜಾವಾ ದ್ವೀಪದ ರಸ್ತೆಗಳಲ್ಲಿ ಓಡತೊಡಗಿದವು.

ನಂಜನಗೂಡಿನಲ್ಲಿ ಪದವಿ ತರಗತಿಯ ವಿದ್ಯಾರ್ಥಿಯೊಬ್ಬ ತಾನು ಮಾಡಿದ ಬಸ್ಸನ್ನು ಈ ಲೇಖಕನಿಗೆ ತೋರಿಸಿದ. ನರಸೀಪುರ ತಾಲ್ಲೂಕಿನ ಹಳ್ಳಿಯಿಂದ ದಿನವೂ ಬಂದುಹೋಗುವ ಹುಡುಗ. ತಾನು ಹತ್ತುವ ಬಸ್ಸನ್ನೇ ಅವನು ಬರೆದಿದ್ದ. ಹಿಂಬಾಗಿಲ ಮೆಟ್ಟಿಲಿನ ಬಳಿ ಬಣ್ಣ ಕಿತ್ತು ತುಕ್ಕು ಕಾಣುವ ಜಾಗವನ್ನೂ, ಯಾರೋ ಕಿಟಕಿಯಿಂದ ಉಗುಳಿದ ಎಲೆಯಡಿಕೆಯ ಕೆಂಪು ಗೆರೆಯನ್ನೂ ಬಿಟ್ಟಿರಲಿಲ್ಲ. ಬೋರ್ಡಿನಲ್ಲಿ 'ನಂಜನಗೂಡು – ಟಿ. ನರಸೀಪುರ' ಎಂದಿತ್ತು. ತಿರುಮಕೂಡಲಿನ 'ತಿ' ಇಂಗ್ಲಿಷ್ ಅಕ್ಷರದ ದಾರಿ ಹಿಡಿದು 'ಟಿ' ಆದದ್ದು ಯಾವ ಲಿಪಿಕಾರನ ಕೈಯಲ್ಲೋ ತಿಳಿಯದು. ಆ ಪಾಠವೇ ಈಗ ರೂಢಿಯಾಗಿದೆ, ಹುಡುಗ ಅದನ್ನೇ ನಿಷ್ಠೆಯಿಂದ ಪ್ರತಿಮಾಡಿದ್ದಾನೆ.

ಕನ್ನಡದ ಅಧ್ಯಾಪಕರು ಗಮನಿಸಬೇಕಾದ ಸಂಗತಿಯೊಂದು ಇಲ್ಲಿದೆ. ಈ ಬೋರ್ಡಿನ ಮೇಲಿರುವುದು ನೋಡಲು ಕನ್ನಡ ಬರಹವಾದರೂ ಗೇಮಿನ ಪಾಲಿಗೆ ಅದು ಬರಹವೇ ಅಲ್ಲ, ಚಿತ್ರ. ಅನೇಕ ಗೇಮುಗಳ ಯಂತ್ರಭಾಗದಲ್ಲಿ ಒತ್ತಕ್ಷರ, ಗುಣಿತಚಿಹ್ನೆಗಳನ್ನು ಸರಿಯಾದ ಸ್ಥಾನದಲ್ಲಿ ಜೋಡಿಸುವ ವ್ಯವಸ್ಥೆ ತಾನಾಗಿ ಇರುವುದಿಲ್ಲ. ಅಂಥ ಕಡೆ ಕನ್ನಡವನ್ನು ಅಕ್ಷರವಾಗಿ ಊಡಿದರೆ 'ಕರ್ನಾಟಕ' ಎಂಬ ಪದದ ಅರ್ಕಾವತ್ತೇ ಕಳಚಿ ಬೀಳುತ್ತದೆ. ಬಣ್ಣವಾಗಿ ಬಳಿದರೆ ಮಾತ್ರ ಅದು ಅಕ್ಷತವಾಗಿ ಉಳಿಯುತ್ತದೆ. ಚಿತ್ರವಾಗಿ ಒಳಬಂದ ಕನ್ನಡಕ್ಕೂ ತೊಡಕು ತಪ್ಪಿದ್ದಲ್ಲ. ಕೆಲವು ವಾಹನ ಮಾದರಿಗಳಲ್ಲಿ ಬಸ್ಸಿನ ಎಡಬಲ ಮೈಗಳಿಗೆ ಒಂದೇ ಚಿತ್ರಭಾಗ ಹೊದಿಕೆಯಾಗುವುದರಿಂದ ಒಂದು ಕಡೆ ಬರೆದದ್ದು ಇನ್ನೊಂದು ಕಡೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗುತ್ತದೆ. ಡೆವಲಪರನು ಕನ್ನಡವನ್ನು ಮನಸ್ಸಿನಲ್ಲಿಟ್ಟು ಗೇಮು ಕಟ್ಟಿಲ್ಲ. ಮಾಡರನು ಅವನನ್ನು ಕೇಳದೆಯೇ ಕನ್ನಡವನ್ನು ಬಸ್ಸು ಹತ್ತಿಸಿದ್ದಾನೆ. ಭಾಷಾನೀತಿಯ ಬಗ್ಗೆ ನಾವು ಬರೆದ ಎಷ್ಟೋ ಪುಟಗಳಿಗಿಂತ ಈ ಕೆಲಸ ಹೆಚ್ಚು ಫಲಪ್ರದವೆಂದು ಹೇಳಿದರೆ ಉತ್ಪ್ರೇಕ್ಷೆಯಾಗಲಾರದು.

ಈ ಬಸ್ಸಿನ ಒಡೆಯರು ಯಾರು? ಗೇಮು ಮಾಲಿಯೋ ಸಂಸ್ಥೆಯದು. ವಾಹನದ ಆಕಾರ ಬೇರೊಬ್ಬ ಮಾಡರನದು. ಬಣ್ಣ, ಲಾಂಛನಗಳು ಸಾರಿಗೆ ನಿಗಮದವು. ಇವೆಲ್ಲದರ ಮೇಲೆ ತುಕ್ಕು ಮತ್ತು ಎಲೆಯಡಿಕೆಯ ಗೆರೆ ಮಾತ್ರ ನಮ್ಮ ಹುಡುಗನವು. ಅವನು ಆ ಗೆರೆಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ ತನ್ನ ಗುರುತನ್ನು ಬರೆದುಕೊಂಡಿದ್ದ. ಈ ವಲಯದಲ್ಲಿ ಅದಕ್ಕೆ ತುಂಬ ಬೆಲೆ. ಒಬ್ಬರ ಕೆಲಸವನ್ನು ಇನ್ನೊಬ್ಬರು ಗುರುತು ಅಳಿಸಿ ಹಂಚಿದರೆ ದೊಡ್ಡ ಕಲಹವೇ ಏಳುತ್ತದೆ. ಹಾಗಾಗದಿರಲೆಂದು ಕೆಲವು ಮಾಡರುಗಳು ತಮ್ಮ ಕಡತಗಳಿಗೆ ಬೀಗ ಹಾಕಿ ಬೇರೆಯವರು ಬದಲಿಸದಂತೆ ಮಾಡುತ್ತಾರೆ. ಬೇರೊಬ್ಬರ ಗೇಮಿಗೆ ಕೈಹಾಕುವ ಸ್ವಾತಂತ್ರ್ಯದಿಂದ ಹುಟ್ಟಿದವರು ತಮ್ಮ ಕೃತಿಗೆ ಇನ್ನೊಬ್ಬರು ಕೈಹಾಕಬಾರದೆಂದು ಬಯಸುವುದರಲ್ಲಿ ವಿರೋಧಾಭಾಸವಿದೆ, ನಿಜ. ಆದರೆ ಇದನ್ನು ಬರಿಯ ಸಣ್ಣತನವೆಂದು ತಳ್ಳಿಹಾಕಲಾಗದು. ಹಣವಾಗಲಿ ಒಪ್ಪಂದವಾಗಲಿ ಇಲ್ಲದ ಈ ದುಡಿಮೆಯಲ್ಲಿ ದುಡಿದವನ ಕೈಗೆ ದಕ್ಕುವುದು ಹೆಸರೊಂದೇ.

4

ಡೆವಲಪರ್ ಕೈಬಿಟ್ಟು ಹೋದ ಗೇಮುಗಳ ಕಥೆ ಬೇರೆ. ಇಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆ 2006ರ ಕೊನೆಯಲ್ಲಿ 'ಕ್ರಿಕೆಟ್ 07' ಎಂಬ ಗೇಮನ್ನು ಹೊರತಂದ ಮೇಲೆ ಆ ಸರಣಿಯನ್ನು ಮುಂದುವರಿಸಲಿಲ್ಲ. ಇಂಡಿಯನ್ ಪ್ರೀಮಿಯರ್ ಲೀಗ್ ಆರಂಭವಾದದ್ದು 2008ರಲ್ಲಿ. ಹಾಗಾಗಿ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಆ ಗೇಮಿನೊಳಗೆ ಇರಲು ಸಾಧ್ಯವೇ ಇರಲಿಲ್ಲ. ಆದರೂ ನಮ್ಮ ಹುಡುಗರು ಅದರಲ್ಲಿ ಬೆಂಗಳೂರು ತಂಡವನ್ನೇ ಆಡಿಸಿದರು. ವರ್ಷವರ್ಷವೂ ಬದಲಾಗುವ ಆಟಗಾರರ ಪಟ್ಟಿ, ಅಂಗಿಯ ಬಣ್ಣ, ಮೈದಾನ, ಬ್ಯಾಟಿನ ಮೇಲಿನ ಚೀಟಿ, ಇವನ್ನೆಲ್ಲ ಭಾರತ, ಪಾಕಿಸ್ತಾನ ಮೊದಲಾದ ದೇಶಗಳ ಮಾಡರುಗಳು ದಶಕಕ್ಕೂ ಹೆಚ್ಚು ಕಾಲ ಹೊಸದಾಗಿ ಸೇರಿಸುತ್ತ ಹೋದರು. ಮೂಲಕರ್ತೃ ಮೌನವಾದ ಮೇಲೂ ಪಠ್ಯ ಬದುಕಿದ್ದು ಪಾಠಾಂತರಗಳಿಂದ. ಕನ್ನಡದಲ್ಲಿ ಇದಕ್ಕೆ ನಿದರ್ಶನ ಬೇಕಿದ್ದರೆ ಶೂನ್ಯಸಂಪಾದನೆಯನ್ನು ನೆನೆಯಬಹುದು. ಶಿವಗಣಪ್ರಸಾದಿ ಮಹಾದೇವಯ್ಯನ ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಇವರು ಅದೇ ಕಟ್ಟಡವನ್ನು ಮತ್ತೆ ಮತ್ತೆ ಕಟ್ಟಿದರು. ಸಿದ್ಧರಾಮನ ದೀಕ್ಷೆಯ ಪ್ರಸಂಗ ಒಳಗಿರಬೇಕೇ ಬೇಡವೇ ಎಂಬ ತಾತ್ವಿಕ ಭಿನ್ನಮತವೇ ಹೊಸ ಪಾಠಕ್ಕೆ ಎಡೆಮಾಡಿತು. ಅವರನ್ನು ನಾವು ಪ್ರಕ್ಷೇಪಕಾರರೆಂದು ಕರೆಯುವುದಿಲ್ಲ, ಸಂಪಾದನಕಾರರೆನ್ನುತ್ತೇವೆ. ಗೇಮಿನ ಮಾಡರನಿಗೆ ಇಂಥ ಗೌರವದ ಪದ ನಮ್ಮಲ್ಲಿನ್ನೂ ಹುಟ್ಟಿಲ್ಲ.

ಮೂಲಕರ್ತೃ ಮೌನವಾಗಿದ್ದರೆ ಒಂದು ಅನುಕೂಲವೂ ಇದೆ: ನೆಲ ಕದಲುವುದಿಲ್ಲ. ಎಚ್ಚರವಿರುವ ಡೆವಲಪರ್ ತನ್ನ ಗೇಮನ್ನು ಆಗಾಗ ನವೀಕರಿಸುತ್ತಾನೆ, ಪ್ರತಿ ನವೀಕರಣದಲ್ಲೂ ಮಾಡರನ ಕೆಲಸ ಕುಸಿಯುವ ಭಯವಿರುತ್ತದೆ. ಬೆಥೆಸ್ಡಾ ಸಂಸ್ಥೆಯ 'ಫಾಲೌಟ್ 4' ಗೇಮನ್ನು ಆಧರಿಸಿ ಲಂಡನ್ ನಗರವನ್ನೇ ಕಟ್ಟಿದ 'ಫಾಲೌಟ್: ಲಂಡನ್' ಎಂಬ ಬೃಹತ್ ಮಾಡ್ 2024ರ ಏಪ್ರಿಲಿನಲ್ಲಿ ಹೊರಬರಬೇಕಾಗಿತ್ತು. ಅದೇ ತಿಂಗಳಲ್ಲಿ ಬೆಥೆಸ್ಡಾ ಮೂಲ ಗೇಮನ್ನು ನವೀಕರಿಸಿದ ಕಾರಣ ಅದು ಜುಲೈವರೆಗೆ ಮುಂದೆ ಹೋಯಿತು. ಬಂದ ಮೇಲೂ ಆಟಗಾರರು ಮೂಲ ಗೇಮನ್ನು ಹಳೆಯ ಆವೃತ್ತಿಗೆ ಮರಳಿಸಿಕೊಂಡು ಆಡಬೇಕಾಯಿತು. ಇದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಒಡೆಯನು ತನ್ನ ಮನೆಯ ತಳಪಾಯವನ್ನು ರಿಪೇರಿ ಮಾಡಿಸಿದ, ಮಹಡಿಯ ಮೇಲಿದ್ದವರು ತಿಂಗಳುಗಟ್ಟಲೆ ಕಾದರು. ಪಂಪನ ಭಾರತವನ್ನು ಓದುವಾಗ ವ್ಯಾಸರು ಮಧ್ಯರಾತ್ರಿಯಲ್ಲಿ ಮೂಲವನ್ನು ಬದಲಿಸಿಬಿಟ್ಟಾರೆಂಬ ಆತಂಕ ನಮಗಿಲ್ಲ. ಮಾಡರನಿಗೆ ಅದು ನಿತ್ಯದ ಆತಂಕ.

5

ಒಡೆತನದ ಪ್ರಶ್ನೆ ಬೀದಿಗೆ ಬಂದ ಎರಡು ಪ್ರಸಂಗಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ. 2015ರ ಏಪ್ರಿಲಿನಲ್ಲಿ ವಾಲ್ವ್ ಮತ್ತು ಬೆಥೆಸ್ಡಾ ಸೇರಿ 'ಸ್ಕೈರಿಮ್' ಗೇಮಿನ ಮಾಡುಗಳನ್ನು ಹಣಕ್ಕೆ ಮಾರಲು ಅನುವು ಮಾಡಿಕೊಟ್ಟವು. ಮಾರಾಟದ ಮೊತ್ತದಲ್ಲಿ ಮಾಡರನಿಗೆ ಶೇಕಡಾ 25, ಉಳಿದದ್ದು ಈ ಎರಡು ಸಂಸ್ಥೆಗಳಿಗೆ. ಆಟಗಾರರು ತಿರುಗಿಬಿದ್ದು ಕೆಲವೇ ದಿನಗಳಲ್ಲಿ ಯೋಜನೆ ರದ್ದಾಯಿತು. ಪಾಲು ಕಡಿಮೆಯೆಂಬುದು ಒಂದು ಆಕ್ಷೇಪ. ಅದಕ್ಕಿಂತ ಆಳವಾದದ್ದು, ಮಾಡುಗಳು ಒಂದರ ಮೇಲೊಂದು ನಿಂತಿರುವುದರಿಂದ ಯಾರ ದುಡಿಮೆಗೆ ಯಾರು ಬೆಲೆ ಕಟ್ಟಬೇಕೆಂಬ ತೊಡಕು. ಉಚಿತವಾಗಿ ಕೊಟ್ಟಿದ್ದ ಒಬ್ಬನ ಕೆಲಸ ಇನ್ನೊಬ್ಬನ ಮಾರಾಟದ ಸರಕಿನೊಳಗೆ ಕಾಣಿಸಿಕೊಂಡರೆ ಏನು ಮಾಡುವುದು?

ಎರಡನೆಯದು ಇನ್ನೂ ಮಹತ್ತ್ವದ್ದು. ಬ್ಲಿಜಾರ್ಡ್ ಸಂಸ್ಥೆ 2002ರಲ್ಲಿ 'ವಾರ್‌ಕ್ರಾಫ್ಟ್ 3' ಗೇಮಿನೊಂದಿಗೆ ಹೊಸ ನಕ್ಷೆ ಕಟ್ಟುವ ಉಪಕರಣವನ್ನೂ ಕೊಟ್ಟಿತು. ಅದನ್ನು ಬಳಸಿ ಯೂಲ್ ಎಂಬಾತ 'ಡೋಟಾ' ಎಂಬ ಆಟವನ್ನು ಕಟ್ಟಿದ. ಮುಂದೆ ಗಿನ್ಸೂ, ಐಸ್‌ಫ್ರಾಗ್ ಎಂಬವರು ಬೆಳೆಸಿದರು. ಇವು ಹೆಸರುಗಳಲ್ಲ, ಅಂಕಿತಗಳು. ವಚನಗಳ ಕರ್ತೃತ್ವವನ್ನು ಅಂಕಿತದಿಂದ ನಿರ್ಣಯಿಸುವ ನಮಗೆ ಇದು ಪರಿಚಿತ ಪ್ರದೇಶ. 2009ರಲ್ಲಿ ವಾಲ್ವ್ ಸಂಸ್ಥೆ ಐಸ್‌ಫ್ರಾಗನನ್ನು ಕರೆದು ಕೆಲಸ ಕೊಟ್ಟು 'ಡೋಟಾ 2' ಗೇಮನ್ನು ರೂಪಿಸಿತು. ಹೆಸರಿನ ಹಕ್ಕಿಗಾಗಿ ಎರಡು ಸಂಸ್ಥೆಗಳ ನಡುವೆ ನಡೆದ ವ್ಯಾಜ್ಯ 2012ರಲ್ಲಿ ರಾಜಿಯಲ್ಲಿ ಮುಗಿಯಿತು. ಬ್ಲಿಜಾರ್ಡ್ ಇದರಿಂದ ಕಲಿತ ಪಾಠ 2020ರಲ್ಲಿ ಹೊರಬಂತು. ವಾರ್‌ಕ್ರಾಫ್ಟಿನ ಹೊಸ ಆವೃತ್ತಿಯ ನಿಯಮಾವಳಿಯಲ್ಲಿ ಆಟಗಾರರು ಕಟ್ಟುವ ಆಟಗಳೆಲ್ಲವೂ ಸಂಸ್ಥೆಯ ಸ್ವತ್ತು ಎಂದು ಬರೆಯಲಾಯಿತು. ಕಟ್ಟಿದವನ ನೈತಿಕ ಹಕ್ಕುಗಳನ್ನೂ ಅದರ ವ್ಯಾಪ್ತಿಗೆ ತರಲಾಯಿತು. ಗುದ್ದಲಿ ಕೊಟ್ಟವನು ಅದರಿಂದ ತೋಡಿದ ಬಾವಿಯೂ ತನ್ನದೆಂದ ಹಾಗೆ.

ನೈತಿಕ ಹಕ್ಕು ಎಂಬುದನ್ನು ಸ್ವಲ್ಪ ವಿವರಿಸಬೇಕು. ನಮ್ಮ ಕೃತಿಸ್ವಾಮ್ಯ ಕಾಯಿದೆಯ 57ನೆಯ ಕಲಮಿನ ಪ್ರಕಾರ ಕರ್ತೃ ತನ್ನ ಕೃತಿಯ ಹಕ್ಕನ್ನು ಮಾರಿದ ಮೇಲೂ ಎರಡು ಸಂಗತಿಗಳು ಅವನಲ್ಲಿಯೇ ಉಳಿಯುತ್ತವೆ: ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ಮತ್ತು ತನ್ನ ಮಾನಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು. ಕುತೂಹಲದ ಸಂಗತಿಯೆಂದರೆ ಇದೇ ಕಲಮು ಕಂಪ್ಯೂಟರ್ ಪ್ರೋಗ್ರಾಮುಗಳಿಗೆ ಒಂದು ವಿನಾಯಿತಿಯನ್ನು ಇಟ್ಟಿದೆ. ಪ್ರೋಗ್ರಾಮಿನ ಪ್ರತಿಯನ್ನು ಕ್ರಮಬದ್ಧವಾಗಿ ಹೊಂದಿದವನು, ಅದನ್ನು ಯಾವ ಉದ್ದೇಶಕ್ಕೆ ಪಡೆದನೋ ಅದೇ ಉದ್ದೇಶಕ್ಕೆ ಬಳಸಿಕೊಳ್ಳಲು ಮಾಡಿಕೊಳ್ಳುವ ಅಳವಡಿಕೆಯನ್ನು ಕರ್ತೃ ಈ ಹಕ್ಕಿನ ಬಲದಿಂದ ತಡೆಯುವಂತಿಲ್ಲ. ಕಾದಂಬರಿಯ ಕರ್ತೃವಿಗೆ ಇಲ್ಲದ ಈ ಮಿತಿ ಪ್ರೋಗ್ರಾಮಿನ ಕರ್ತೃವಿಗೆ ಇದೆ. ಇದು ಮಾಡರುಗಳನ್ನು ಕುರಿತು ಬರೆದ ವಿನಾಯಿತಿಯಲ್ಲ, ಅದರ ಬಾಗಿಲೂ ಕಿರಿದು. ಆದರೆ ಕೆಲವು ಕೃತಿಗಳು ಇನ್ನೊಬ್ಬರು ಕೈಯಾಡಿಸಿದರಷ್ಟೇ ಉಪಯೋಗಕ್ಕೆ ಬರುತ್ತವೆ ಎಂಬ ತಿಳಿವಳಿಕೆ ಕಾಯಿದೆಯೊಳಗೇ ಇದೆಯೆಂಬುದಕ್ಕೆ ಇದು ಆಧಾರ. ಬಸ್ಸಿನ ಮೈಮೇಲೆ ಬರೆದ ಚಿತ್ರದಲ್ಲಿ ಬರೆದವನ ಹೆಸರು ಉಳಿಯಬೇಕೆಂಬ ವಾದಕ್ಕೂ 57ನೆಯ ಕಲಮಿನಲ್ಲಿ ಎಡೆಯಿದೆಯೆಂಬುದು ನನ್ನ ಅಭಿಪ್ರಾಯ.

6

ಈಗ ನೀಲಗಾರರ ಕಡೆಗೆ ಬರೋಣ. ನಂಜನಗೂಡು, ನರಸೀಪುರ, ಚಾಮರಾಜನಗರ, ಕೊಳ್ಳೇಗಾಲ, ಮಳವಳ್ಳಿ ಸೀಮೆಗಳಲ್ಲಿ ತಂಬೂರಿ, ಗಗ್ಗರ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿಯರ ಕಥೆಯನ್ನು ರಾತ್ರಿಯಿಡೀ ಹಾಡುವವರು ಇವರು. ಕಾವ್ಯದ 'ಕಲ್ಯಾಣದ ಸಾಲು' ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ್ದು. ಬಸವಣ್ಣ, ಮಹಾಮನೆ, ದಾಸೋಹ, ಲಕ್ಷೋಪಲಕ್ಷ ಜಂಗಮರು, ಇವೆಲ್ಲ ಹರಿಹರನಿಂದ ಮೊದಲ್ಗೊಂಡು ಪುರಾಣಕಾರರು ಕಟ್ಟಿ ನಿಲ್ಲಿಸಿದ ಲೋಕ. ನೀಲಗಾರರು ಈ ಲೋಕವನ್ನು ಕೆಡವುವುದಿಲ್ಲ, ಪಾತ್ರಗಳ ಹೆಸರನ್ನೂ ಬದಲಿಸುವುದಿಲ್ಲ. ಅದರ ಬಾಗಿಲಿಗೆ ಹೊಸಬನೊಬ್ಬನನ್ನು ತಂದು ನಿಲ್ಲಿಸುತ್ತಾರೆ. ಕುಷ್ಠರೋಗಿಯ ವೇಷದಲ್ಲಿ, ಹೆಂಡದ ಗಡಿಗೆ ಹೊತ್ತು ಬರುವ ಮಂಟೇಸ್ವಾಮಿಯನ್ನು ಕಲ್ಯಾಣದ ಬಾಗಿಲು ಒಳಬಿಡುವುದಿಲ್ಲ. ಸಮಾನತೆಯ ಮಹಾಮನೆ ಯಾರನ್ನು ಹೊರಗಿಟ್ಟಿತು ಎಂಬ ಪ್ರಶ್ನೆ ಇಷ್ಟರಿಂದಲೇ ಏಳುತ್ತದೆ. ಮೂಲ ಪಠ್ಯ ತಾನಾಗಿ ಕೇಳಿಕೊಳ್ಳದ ಪ್ರಶ್ನೆಯನ್ನು ಅದರ ಒಳಗಿನ ಪಾತ್ರಗಳ ಎದುರೇ ಇಡುವುದು ಸಾಧ್ಯವಾದದ್ದು ಪೂರ್ವಲೋಕವನ್ನು ಹಾಗೆಯೇ ಉಳಿಸಿಕೊಂಡದ್ದರಿಂದ. ಬೇರೆಯ ಊರು, ಬೇರೆಯ ಹೆಸರು ಕಲ್ಪಿಸಿ ಹಾಡಿದ್ದರೆ ಆ ಪ್ರಶ್ನೆಗೆ ಈ ಮೊನಚು ಬರುತ್ತಿರಲಿಲ್ಲ. ಜಾವಾದ ರಸ್ತೆಯಲ್ಲಿ ನರಸೀಪುರದ ಬೋರ್ಡು ತೂಗಿಕೊಂಡು ಓಡುವ ತುಕ್ಕುಹಿಡಿದ ಬಸ್ಸಿಗೆ ಇಷ್ಟು ಭಾರ ಹೊರಿಸುವುದು ಸರಿಯಾಗದು. ಆದರೆ ಎರಡರ ವ್ಯಾಕರಣ ಒಂದೇ ಬಗೆಯದು.

ವ್ಯತ್ಯಾಸ ಇರುವುದು ಅಧಿಕಾರದ ಹಂಚಿಕೆಯಲ್ಲಿ. ನೀಲಗಾರನಾಗಲು ದೀಕ್ಷೆ ಬೇಕು. ಬೊಪ್ಪೇಗೌಡನಪುರ, ಚಿಕ್ಕಲ್ಲೂರು, ಕಪ್ಪಡಿಯ ಗದ್ದಿಗೆಗಳಿಗೆ ನಡೆದುಕೊಳ್ಳಬೇಕು. ಮಠ ಹಾಡುವ ಅಧಿಕಾರವನ್ನು ಕೊಡುತ್ತದೆ, ಹಾಡಿದ್ದೆಲ್ಲ ತನ್ನ ಸ್ವತ್ತೆನ್ನುವುದಿಲ್ಲ. ಯಾವ ಸಾಲನ್ನು ಹಿಗ್ಗಿಸಬೇಕು, ಯಾವುದನ್ನು ಕುಗ್ಗಿಸಬೇಕು ಎಂಬುದು ಆ ರಾತ್ರಿ, ಆ ಜನ, ಆ ಹಾಡುಗಾರನಿಗೆ ಬಿಟ್ಟದ್ದು. ಅನುಮತಿ ವ್ಯಕ್ತಿಗೆ, ಪಠ್ಯಕ್ಕಲ್ಲ. ಬ್ಲಿಜಾರ್ಡಿನ ನಿಯಮಾವಳಿ ಇದರ ತಿರುಗುಮುರುಗು: ಯಾರು ಬೇಕಾದರೂ ಕಟ್ಟಬಹುದು, ದೀಕ್ಷೆಯ ಹಂಗಿಲ್ಲ, ಕಟ್ಟಿದ್ದು ಮಾತ್ರ ಒಡೆಯನದು. ದೀಕ್ಷೆ ಎಂಬ ಬಾಗಿಲು ಜಾತಿ, ಲಿಂಗ, ಒಕ್ಕಲುಗಳ ಲೆಕ್ಕದಲ್ಲಿ ಕೆಲವರನ್ನು ಹೊರಗಿಟ್ಟಿತೆಂಬುದನ್ನು ಮರೆತು ನಮ್ಮ ಪರಂಪರೆಯನ್ನು ಹೊಗಳಬೇಕಾಗಿಲ್ಲ. ಒಂದು ಕಡೆ ಪ್ರವೇಶ ಬಿಗಿ, ಕೃತಿ ಮುಕ್ತ. ಇನ್ನೊಂದು ಕಡೆ ಪ್ರವೇಶ ಮುಕ್ತ, ಕೃತಿ ಬಿಗಿ. ಮಾಲಿಯೋ ಸಂಸ್ಥೆ ಬಸ್ಸಿನ ಮೈಯನ್ನು ಬಿಟ್ಟುಕೊಟ್ಟದ್ದು ಮತ್ತು ಇಡ್ ಸಾಫ್ಟ್‌ವೇರ್ ಮೂಲ ಸಂಕೇತವನ್ನೇ ಬಿಟ್ಟುಕೊಟ್ಟದ್ದು ಈ ಎರಡರ ನಡುವಣ ದಾರಿಗಳು.

7

ನೀಲಗಾರರ ಉದಾಹರಣೆ ಕನ್ನಡದ ಸಂಶೋಧಕರಿಗೆ ಅಷ್ಟೇನೂ ಹಿತಕರವಲ್ಲದ ಇನ್ನೊಂದು ಪ್ರಶ್ನೆಯನ್ನೂ ಎತ್ತುತ್ತದೆ. ನಾವು ಇಂಥ ಕಾವ್ಯಗಳನ್ನು ಧ್ವನಿಮುದ್ರಿಸಿಕೊಂಡು ಬಂದೆವು, ಅಕ್ಷರಕ್ಕಿಳಿಸಿದೆವು, ಪುಸ್ತಕ ಮಾಡಿದೆವು. ಮುಖಪುಟದ ಮೇಲೆ ಸಂಪಾದಕರ ಹೆಸರು, ಹಕ್ಕುಗಳ ಪುಟದಲ್ಲಿ ಸಂಪಾದಕರ ಅಥವಾ ಪ್ರಕಾಶನ ಸಂಸ್ಥೆಯ ಹೆಸರು, ಹಾಡಿದವರ ಹೆಸರು ಪ್ರಸ್ತಾವನೆಯ ಕೃತಜ್ಞತೆಯ ಪರಿಚ್ಛೇದದಲ್ಲಿ ಎಂಬ ಕ್ರಮ ಬಹುಕಾಲ ನಡೆಯಿತು. ಹಾಡುಗಾರನ ಹೆಸರನ್ನು ಮುಖಪುಟಕ್ಕೆ ತಂದ ಸಂಪಾದಕರೂ ಇದ್ದಾರೆ, ಅವರಿಗೆ ಈ ಮಾತು ಅನ್ವಯಿಸದು. ಹೆಚ್ಚಿನವರು ಮಾಡಿದ್ದು ಮಾತ್ರ ಬ್ಲಿಜಾರ್ಡ್ 2020ರಲ್ಲಿ ಬರೆದುಕೊಂಡದ್ದಕ್ಕಿಂತ ತೀರ ದೂರದ್ದಲ್ಲ. ಅವರು ಉಪಕರಣ ಕೊಟ್ಟು ಕೃತಿಯನ್ನು ತಮ್ಮದೆಂದರು. ನಮ್ಮ ಉಪಕರಣ ಟೇಪ್ ರೆಕಾರ್ಡರ್ ಆಗಿತ್ತು. ಕಾನೂನು ಇಲ್ಲಿ ವಿದ್ವತ್ತಿಗಿಂತ ಮುಂದೆ ಹೋಗಿದೆ. 1994ರ ತಿದ್ದುಪಡಿ ಪ್ರದರ್ಶಕನಿಗೆ ಹಕ್ಕನ್ನು ಕೊಟ್ಟಿತು. 2012ರ ತಿದ್ದುಪಡಿ ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಅಂಟಿರಬೇಕೆಂದು ಕೇಳುವ ನೈತಿಕ ಹಕ್ಕನ್ನೂ ಸೇರಿಸಿತು. ಈ ಅರ್ಥದಲ್ಲಿ ಹಾಡುಗಾರನು ಕಾನೂನಿನ ಮುಂದೆ ಹಕ್ಕುದಾರ, ನಮ್ಮ ಪುಸ್ತಕಗಳಲ್ಲಿ ಮಾತ್ರ ಆಕರ.

ಹೆಸರಿನ ಆಸೆ ಆಧುನಿಕರದೆಂದೂ ನಮ್ಮ ಪೂರ್ವಿಕರು ಅನಾಮಿಕತೆಯನ್ನೇ ಇಷ್ಟಪಟ್ಟರೆಂದೂ ಹೇಳುವ ವಾಡಿಕೆಯಿದೆ. ಅದನ್ನು ನಂಬುವವರು ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಒಮ್ಮೆ ಹೋಗಿಬರಬೇಕು. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿಸಿದ ಕೇಶವ ದೇವಾಲಯವದು. ಕಟ್ಟಿಸಿದವನ ಹೆಸರು ಊರಿಗೇ ನಿಂತಿದೆ. ಆದರೆ ಅಲ್ಲಿನ ಶಿಲ್ಪಗಳ ಪೀಠದಲ್ಲಿ ಬಗ್ಗಿ ನೋಡಿದರೆ ಮಲ್ಲಿತಮ್ಮನ ಹೆಸರೂ ಇತರ ರೂವಾರಿಗಳ ಹೆಸರೂ ಕಾಣುತ್ತವೆ. ಶಿಲ್ಪಶಾಸ್ತ್ರ, ದೇವತಾಲಕ್ಷಣ, ಆಯುಧಗಳ ಕ್ರಮ ಯಾವುದೂ ಮಲ್ಲಿತಮ್ಮನ ಸ್ವಂತದ್ದಲ್ಲ. ಇಪ್ಪತ್ತನಾಲ್ಕು ಮೂರ್ತಿಭೇದಗಳೆಂಬ ಚೌಕಟ್ಟು ಮೊದಲೇ ಸಿದ್ಧವಿತ್ತು. ಆ ಚೌಕಟ್ಟಿನೊಳಗೆ ತನ್ನ ಉಳಿಯಿಂದ ಆದದ್ದಷ್ಟಕ್ಕೆ ಅವನು ಸಹಿ ಹಾಕಿದ. ಕಟ್ಟಿಸಿದ ದಂಡನಾಯಕ ಅದನ್ನು ಅಳಿಸಲಿಲ್ಲ.

ನಮ್ಮ ವಿಭಾಗಗಳಲ್ಲಿ ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಯ ಕೈಗೆ ಕೊಡುವ ನಮೂನೆಯಲ್ಲಿ 'ವಕ್ತೃ' ಎಂಬ ಅಂಕಣವಿದೆ. ಹೆಸರು, ವಯಸ್ಸು, ಊರು, ವೃತ್ತಿ ಬರೆದುಕೊಳ್ಳಲು ಅಲ್ಲಿ ಜಾಗವಿದೆ. ಕಲಿತದ್ದು ಯಾರಿಂದ, ತಾನಾಗಿ ಸೇರಿಸಿದ್ದು ಯಾವುದು ಎಂದು ಕೇಳುವ ಅಂಕಣ ನಾನು ಕಂಡ ನಮೂನೆಗಳಲ್ಲಿ ಇರಲಿಲ್ಲ. ಬಸ್ಸಿನ ಹುಡುಗನ ಕೆಲಸವನ್ನು ದಾಖಲಿಸಲು ಕುಳಿತಾಗ ಈ ಕೊರತೆ ಎದ್ದುಕಂಡಿತು. ಅವನನ್ನು ವಕ್ತೃ ಎನ್ನಲಾಗದು, ಅವನು ಏನನ್ನೂ ಒಪ್ಪಿಸಲಿಲ್ಲ. ಕರ್ತೃ ಎಂದು ಬರೆದರೆ ವಾಹನದ ಆಕಾರ ಕಡೆದ ಅಪರಿಚಿತ ಮಾಡರನಿಗೂ ಗೇಮಿನ ತಯಾರಕರಿಗೂ ಅನ್ಯಾಯ. ಕೊನೆಗೆ ನಮೂನೆಯನ್ನು ಬದಿಗಿಟ್ಟು ಹಾಳೆಯೊಂದರ ಮೇಲೆ ನಾಲ್ಕು ಗೆರೆ ಎಳೆದು ಗೇಮು, ಆಕಾರ, ಬಣ್ಣ, ಲಾಂಛನ ಎಂದು ಬರೆದು ಪ್ರತಿಯೊಂದರ ಮುಂದೆ ಯಾರದೆಂದು ಕೇಳುತ್ತ ಹೋದೆ. ಆಕಾರ ಯಾರದೆಂಬ ಪ್ರಶ್ನೆಗೆ ಅವನು ಮೊಬೈಲು ತೆಗೆದು ಕಡತದೊಳಗಿದ್ದ ಒಂದು ಅಂಕಿತವನ್ನು ತೋರಿಸಿ, ಅದರ ಕಾಗುಣಿತ ತಪ್ಪದಂತೆ ನೋಡಿಕೊಂಡು ಬರೆಸಿದ. ತನ್ನ ಹೆಸರನ್ನು ಬರೆಸಿದ್ದು ಅದಾದ ಮೇಲೆ. ತುಕ್ಕಿಗೊಂದು ಐದನೆಯ ಗೆರೆಯನ್ನೂ ಎಳೆಯಿರೆಂದು ಅವನೇ ಹೇಳಿದ.